ಓಡಿಸುವವರೇ ಆಸ್ಪತ್ರೆ ಸೇರಿದಾಗ: ಆರ್‌ವಿ ಮಾಲೀಕರ ತುರ್ತು ಪ್ರಯಾಣ ನೆರವಿನ ಯೋಜನೆಗಳ ವಿಮರ್ಶೆ

ಅಮೆರಿಕದಲ್ಲಿ ಆರ್‌ವಿ, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಂಡು ತಿರುಗುವ ಪ್ರವಾಸದ ಗಾಡಿ, ಇಟ್ಟುಕೊಂಡವರ ಕೈಯಲ್ಲಿ ಸಾಮಾನ್ಯವಾಗಿ ಮೂರು ಕಾರ್ಡುಗಳಿರುತ್ತವೆ. ಒಂದು ಗಾಡಿಯ ವಿಮೆಯದು, ಒಂದು ಕೆಟ್ಟು ನಿಂತಾಗ ಟೋ ಕಳಿಸುವ ರೋಡ್‌ಸೈಡ್ ಅಸಿಸ್ಟೆನ್ಸಿನದು, ಇನ್ನೊಂದು ಆರೋಗ್ಯ ವಿಮೆಯದು. ಗಾಡಿ ಸರಿಯಾಗಿದ್ದು ಓಡಿಸುವವರೇ ಮಲಗಿಬಿಟ್ಟರೆ, ಅದನ್ನು ಮನೆಗೆ ತರುವ ಖರ್ಚು ಸಾಮಾನ್ಯವಾಗಿ ಈ ಮೂರರಲ್ಲಿ ಯಾವುದರಲ್ಲೂ ಬರುವುದಿಲ್ಲ. ಆ ತೂತು ಮುಚ್ಚಲು ಇರುವುದು ಎಮರ್ಜೆನ್ಸಿ ಟ್ರಾವೆಲ್ ಅಸಿಸ್ಟೆನ್ಸ್. ಆರ್‌ವಿ ಮಾಲೀಕರ ಸಂಘವಾದ ಎಫ್‌ಎಂಸಿಎಯ ಎಫ್‌ಎಂಸಿಅಸಿಸ್ಟ್, ಆರ್‌ವಿಯವರಿಗೆ ಸೇವೆ ಕೊಡುವ ಗುಡ್ ಸ್ಯಾಮ್‌ನ ಟ್ರಾವೆಲ್‌ಅಸಿಸ್ಟ್, ಆರ್‌ವಿಗೆಂದೇ ಹುಟ್ಟದಿದ್ದರೂ ಆರ್‌ವಿ ಜನ ಹೆಚ್ಚು ವಿಚಾರಿಸುವ ಮೆಡ್‌ಜೆಟ್, ಈ ಮೂರನ್ನು ಇಲ್ಲಿ ನೋಡೋಣ.

ಒಂದು ಉದಾಹರಣೆ ಇಟ್ಟುಕೊಂಡರೆ ಲೆಕ್ಕ ಸಲೀಸಾಗುತ್ತದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ದಂಪತಿ 36 ಅಡಿಯ ಕ್ಲಾಸ್ ಎ (ಬಸ್ಸಿನಂಥ ದೊಡ್ಡ) ಮೋಟರ್‌ಹೋಮಿನಲ್ಲಿ ಯೂಟಾದ ಮೊಆಬ್‌ಗೆ ಹೋಗಿದ್ದಾರೆ ಅನ್ನಿ. ಗಂಡನಿಗೆ ಹೃದಯಾಘಾತ. ಮೊಆಬ್‌ನ ಆಸ್ಪತ್ರೆ ಸಣ್ಣದು, ದೊಡ್ಡ ಚಿಕಿತ್ಸೆ ಬೇಕಾದರೆ ಕೊಲೊರಾಡೊದ ಗ್ರ್ಯಾಂಡ್ ಜಂಕ್ಷನ್‌ಗೆ ಸಾಗಿಸಬೇಕಾಗುತ್ತದೆ, ರಸ್ತೆಯಲ್ಲಿ 110 ಮೈಲಿಯ ಆಸುಪಾಸು. ಹೆಂಡತಿ ಕಾರು ಓಡಿಸುತ್ತಾರೆ, ಈ ಗಾಡಿ ಓಡಿಸಿದವರಲ್ಲ. ಕ್ಯಾಂಪ್‌ಗ್ರೌಂಡಿನ ಬುಕಿಂಗ್ ಇನ್ನೆರಡು ದಿನಕ್ಕೆ ಮುಗಿಯುತ್ತದೆ. ಗಾಡಿಯೊಳಗೆ ನಾಯಿ ಇದೆ. ಮನೆ ಸುಮಾರು ಸಾವಿರ ಮೈಲಿ ದೂರ.

ಮೊದಲ ಆಂಬ್ಯುಲೆನ್ಸು, ಗ್ರ್ಯಾಂಡ್ ಜಂಕ್ಷನ್‌ಗೆ ಹಾರಿಸಿದ ಹೆಲಿಕಾಪ್ಟರು, ಆಸ್ಪತ್ರೆಯ ಬಿಲ್ಲು ಇವೆಲ್ಲ ಆರೋಗ್ಯ ವಿಮೆಯ ತಲೆಗೆ. 911ಕ್ಕೆ ಕರೆ ಮಾಡಿ ಬಂದ ವಾಹನದ ಹಣವನ್ನು ನೆರವಿನ ಯೋಜನೆಗಳು ಸಾಮಾನ್ಯವಾಗಿ ಕೊಡುವುದಿಲ್ಲ. ಕೊಡುತ್ತವೆ ಅಂದುಕೊಂಡೇ ಬಹಳ ಜನ ಸದಸ್ಯತ್ವ ತೆಗೆದುಕೊಳ್ಳುತ್ತಾರೆ, ಆಮೇಲೆ ಬೇಸರಪಡುತ್ತಾರೆ. ಈ ಬಿಲ್ಲು ಸಣ್ಣದೂ ಅಲ್ಲ. ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಕಚೇರಿ ಜಿಎಒ ಕೊಟ್ಟ ಅಂಕಿಯಂತೆ 2017ರಲ್ಲಿ ಹೆಲಿಕಾಪ್ಟರ್ ಸಾಗಣೆಗೆ ಹಾಕಿದ ಬೆಲೆಯ ಮಧ್ಯಮಾಂಕ ಸುಮಾರು 36,400 ಡಾಲರ್, ವಿಮಾನಕ್ಕೆ ಸುಮಾರು 40,600 ಡಾಲರ್. 2022ರ ಜನವರಿ 1ರಿಂದ ಜಾರಿಯಾದ ನೋ ಸರ್ಪ್ರೈಸಸ್ ಕಾಯ್ದೆ ಒಂದು ದೊಡ್ಡ ಉಪಕಾರ ಮಾಡಿದೆ. ಖಾಸಗಿ ಆರೋಗ್ಯ ವಿಮೆ ಇದ್ದವರಿಗೆ ಅವರ ವಿಮೆಯೊಂದಿಗೆ ಒಪ್ಪಂದವಿಲ್ಲದ, ಅಂದರೆ ನೆಟ್‌ವರ್ಕಿನಾಚೆಯ ಏರ್ ಆಂಬ್ಯುಲೆನ್ಸ್ ಕಂಪನಿ ವಿಮೆ ಕೊಟ್ಟು ಉಳಿದ ಬಾಕಿಗೆ ಬಿಲ್ಲು ಕಳಿಸುವಂತಿಲ್ಲ. ನೆಲದ ಮೇಲಿನ ಆಂಬ್ಯುಲೆನ್ಸು ಮಾತ್ರ ಆ ಕಾಯ್ದೆಯೊಳಗೆ ಬಂದಿಲ್ಲ. ಮುಖ್ಯವಾಗಿ 65 ದಾಟಿದವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಇರುವವರಿಗೆ ಹತ್ತಿರದ ಸೂಕ್ತ ಆಸ್ಪತ್ರೆಯವರೆಗಿನ ಆಂಬ್ಯುಲೆನ್ಸಿಗೆ ಅದರ ಪಾರ್ಟ್ ಬಿ ಭಾಗ ಹಣ ಕೊಡುತ್ತದೆ. ಅಲ್ಲಿಂದ ಊರಿನ ಆಸ್ಪತ್ರೆಗೆ, ಮಕ್ಕಳ ಹತ್ತಿರಕ್ಕೆ ಹೋಗಬೇಕು ಅಂದರೆ ಅದು ರೋಗಿಯ ಅನುಕೂಲ ಅನ್ನಿಸಿಕೊಳ್ಳುತ್ತದೆ, ಹಣ ಬರುವುದಿಲ್ಲ.

ನೆರವಿನ ಯೋಜನೆಯ ಕೆಲಸ ಶುರುವಾಗುವುದು ಇಲ್ಲಿಂದ ಮುಂದೆ. ರೋಗಿ ಪ್ರಯಾಣಕ್ಕೆ ತಯಾರಾದ ಮೇಲೆ ಅವರನ್ನು ಮನೆಗೆ ಕಳಿಸುವುದು, ಬೇಕಾದರೆ ನರ್ಸನ್ನು ಜೊತೆಗೆ ಕೊಡುವುದು, ಗಾಡಿಯನ್ನು ಡ್ರೈವರ್ ಕಳಿಸಿ ಮನೆ ಮುಟ್ಟಿಸುವುದು, ಜೊತೆಗಿದ್ದ ಮಕ್ಕಳನ್ನೂ ಸಾಕುಪ್ರಾಣಿಯನ್ನೂ ಕಳಿಸಿಕೊಡುವುದು, ಒಬ್ಬರೇ ಪ್ರಯಾಣ ಮಾಡುತ್ತಿದ್ದರೆ ಹತ್ತಿರದ ಬಂಧುವನ್ನು ಆಸ್ಪತ್ರೆಗೆ ಕರೆಸುವುದು, ಸಾವಾದರೆ ಪಾರ್ಥಿವ ಶರೀರವನ್ನು ಊರಿಗೆ ತಲುಪಿಸುವುದು. ಎಫ್‌ಎಂಸಿಅಸಿಸ್ಟ್ ಮತ್ತು ಗುಡ್ ಸ್ಯಾಮ್ ಟ್ರಾವೆಲ್‌ಅಸಿಸ್ಟ್ ಎರಡರ ಜೀವಾಳವೂ ಇದೇ ಪಟ್ಟಿ. ಎರಡರಲ್ಲೂ ಕಲ್ಲಿನಲ್ಲಿ ಕೊರೆದಂಥ ನಿಯಮ ಒಂದಿದೆ. ವ್ಯವಸ್ಥೆಯನ್ನು ಅವರೇ ಮಾಡಬೇಕು. ನೀವೇ ಟಿಕೆಟ್ ಕೊಂಡು, ನೀವೇ ಡ್ರೈವರ್ ಹಿಡಿದು, ಆಮೇಲೆ ರಸೀದಿ ಕಳಿಸಿದರೆ ಒಂದು ಡಾಲರೂ ಸಿಗುವುದಿಲ್ಲ. ಕ್ಲೇಮ್ ಫಾರಂ ತುಂಬಿ ಹಣ ವಾಪಸ್ ಪಡೆಯುವ ವಿಮೆಯಂತೆ ಇದನ್ನು ಬಳಸಲು ಹೋದವರೇ ಹೆಚ್ಚಾಗಿ ಕೈಸುಟ್ಟುಕೊಳ್ಳುವುದು. ಮೊದಲು 911, ರೋಗಿ ಆಸ್ಪತ್ರೆಯಲ್ಲಿ ಸ್ಥಿರವಾದ ಕೂಡಲೇ ನೆರವಿನ ನಂಬರು, ಅವರ ಒಪ್ಪಿಗೆ ಬಂದ ಮೇಲೆ ಮಿಕ್ಕ ಓಡಾಟ. ಈ ಕ್ರಮ ತಪ್ಪಬಾರದು.

ಎರಡನೆಯ ಗೆರೆ ದೂರದ್ದು. ಎಫ್‌ಎಂಸಿಅಸಿಸ್ಟ್ ಮನೆಯಿಂದ 75 ಮೈಲಿ ದಾಟಿದ ಮೇಲೆ, ಗುಡ್ ಸ್ಯಾಮ್‌ನದು 100 ಮೈಲಿ, ಮೆಡ್‌ಜೆಟ್ 150 ಮೈಲಿ. ನೇರ ಗೆರೆಯಲ್ಲಿ ಅಳೆದರೆ ಫ್ರೀಮಾಂಟಿನವರಿಗೆ ಲೇಕ್ ಟಾಹೋ ಮೂರನೆಯದರ ಗೆರೆಯನ್ನು ಮುಟ್ಟಿಯೂ ಮುಟ್ಟದಂತಿದೆ, ಯೊಸೆಮಿಟಿ ಮೊದಲೆರಡರ ಗೆರೆಯನ್ನು ಆರಾಮವಾಗಿ ದಾಟುತ್ತದೆ. ವಾರಾಂತ್ಯದ ತಿರುಗಾಟವೇ ಹೆಚ್ಚಾದರೆ ಈ ಅಂಕಿಯೇ ಆಯ್ಕೆಯನ್ನು ನಿರ್ಧರಿಸಿಬಿಡುತ್ತದೆ.

ಇಲ್ಲಿ 'ಮನೆ' ಎಲ್ಲಿ ಅನ್ನುವುದೂ ಮುಖ್ಯ. ಮನೆ ಮಾರಿ ವರ್ಷವಿಡೀ ಆರ್‌ವಿಯಲ್ಲೇ ಇರುವವರು ಟೆಕ್ಸಸ್‌ನ ಲಿವಿಂಗ್‌ಸ್ಟನ್ ಅಥವಾ ದಕ್ಷಿಣ ಡಕೋಟದಂಥ ಕಡೆ ಅಂಚೆ ವಿಳಾಸ ಮಾಡಿಕೊಂಡು ಅದನ್ನೇ ಕಾನೂನಿನ ವಾಸಸ್ಥಳ ಮಾಡಿಕೊಂಡಿರುತ್ತಾರೆ. ಅರಿಜೋನಾದಲ್ಲಿ ಕಾಯಿಲೆ ಬಿದ್ದರೆ ಕರಾರಿನ ಪ್ರಕಾರ 'ಮನೆಗೆ' ಅಂದರೆ ಲಿವಿಂಗ್‌ಸ್ಟನ್ನಿನ ಅಂಚೆ ಪೆಟ್ಟಿಗೆಯ ಊರಿಗೆ. ಅಲ್ಲಿ ಪರಿಚಯದ ಡಾಕ್ಟರೂ ಇಲ್ಲ, ನೋಡಿಕೊಳ್ಳುವವರೂ ಇಲ್ಲ. ಮಗಳ ಊರಿಗೆ ಕಳಿಸುತ್ತೀರಾ ಎಂದು ಸೇರುವ ಮೊದಲೇ ಕೇಳಿ, ಉತ್ತರವನ್ನು ಇಮೇಲಿನಲ್ಲಿ ಪಡೆದಿಟ್ಟುಕೊಳ್ಳಿ. ಒಂದು ಪ್ರಯಾಣಕ್ಕೆ ಇಷ್ಟು ದಿನ ಎಂಬ ಮಿತಿ ಈ ಬಗೆಯ ಯೋಜನೆಗಳಲ್ಲಿ ಸಾಮಾನ್ಯ. ಚಳಿಗಾಲ ಪೂರ್ತಿ ಕ್ವಾರ್ಟ್ಸ್‌ಸೈಟ್‌ನ ಮರುಭೂಮಿಯಲ್ಲಿ ಕಳೆಯುವವರು ಆ ಸಾಲನ್ನು ಎರಡು ಸಲ ಓದಬೇಕು.

ಗಾಡಿ ಹಿಂತಿರುಗಿಸುವ ಸೌಲಭ್ಯವೇ ಆರ್‌ವಿಯವರಿಗೆ ಈ ಯೋಜನೆಗಳಲ್ಲಿರುವ ನಿಜವಾದ ಬೆಲೆ. ಸಾವಿರ ಮೈಲಿ, ಗ್ಯಾಲನ್ನಿಗೆ 8 ಮೈಲಿ ಕೊಡುವ ಪೆಟ್ರೋಲ್ ಎಂಜಿನ್ ಎಂದರೆ ಇಂಧನವೇ 125 ಗ್ಯಾಲನ್, ಅದರ ಮೇಲೆ ಡ್ರೈವರಿನ ಕೂಲಿ, ಊಟ, ರಾತ್ರಿ ತಂಗುವ ಖರ್ಚು, ಅವರು ವಾಪಸು ಹೋಗುವ ಟಿಕೆಟ್. ಇಂಧನವನ್ನು ಯೋಜನೆಯೇ ಕೊಡುತ್ತದೋ ನಿಮ್ಮ ತಲೆಗೆ ಹಾಕುತ್ತದೋ ಎನ್ನುವುದನ್ನು ಕರಾರಿನಲ್ಲಿ ಹುಡುಕಿ. ಸೌಲಭ್ಯ ನಿರಾಕರಿಸಲ್ಪಡುವ ಕಾರಣಗಳು ಹೆಚ್ಚಾಗಿ ಇವೇ: ಜೊತೆಯಲ್ಲಿದ್ದ ಇನ್ನೊಬ್ಬರಿಗೆ ಓಡಿಸಲು ಸಾಧ್ಯ ಎಂದು ಅವರು ತೀರ್ಮಾನಿಸುವುದು, ನೋಂದಣಿ ಅಥವಾ ವಿಮೆ ಅವಧಿ ಮೀರಿರುವುದು, ಗಾಡಿ ರಸ್ತೆಗೆ ಇಳಿಸುವ ಸ್ಥಿತಿಯಲ್ಲಿಲ್ಲದಿರುವುದು. ಮೂರನೆಯದು ಬಹಳ ಸಲ ಟೈರಿನಿಂದ ಬರುತ್ತದೆ. ಆರ್‌ವಿ ಟೈರು ಸವೆಯುವ ಮೊದಲೇ ವಯಸ್ಸಾಗಿ ಬಿರುಕು ಬಿಡುತ್ತದೆ, ವೃತ್ತಿಪರ ಡ್ರೈವರ್ ಅಂಥ ಗಾಡಿಯನ್ನು ಮುಟ್ಟುವುದಿಲ್ಲ. ಟೈರಿನ ಪಕ್ಕದಲ್ಲಿ DOT ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕಂಕಿ ತಯಾರಾದ ವಾರ ಮತ್ತು ವರ್ಷ. 2319 ಅಂದರೆ 2019ರ 23ನೆಯ ವಾರ.

'ಜೊತೆಯವರಿಗೆ ಓಡಿಸಲು ಸಾಧ್ಯ' ಎನ್ನುವ ವಾದಕ್ಕೆ ಲೈಸೆನ್ಸೇ ಉತ್ತರ. ಕ್ಯಾಲಿಫೋರ್ನಿಯಾದಲ್ಲಿ 40 ಅಡಿಗಿಂತ ಉದ್ದದ ಮೋಟರ್‌ಹೋಮಿಗೆ ವಾಣಿಜ್ಯೇತರ ಕ್ಲಾಸ್ ಬಿ ಲೈಸೆನ್ಸ್ ಬೇಕು. 36 ಅಡಿಗೆ ಬೇಡ, ಹಾಗಾಗಿ ನಮ್ಮ ಉದಾಹರಣೆಯ ಹೆಂಡತಿ ಕಾಗದದ ಮೇಲೆ ಓಡಿಸಬಲ್ಲವರೇ ಆಗುತ್ತಾರೆ. ಇಂಥ ಸಂದರ್ಭದಲ್ಲಿ ಫೋನಿನಲ್ಲಿ ಮೊದಲ ಸಲವೇ 'ಅವರು ಈ ಗಾಡಿಯನ್ನು ಎಂದೂ ಓಡಿಸಿಲ್ಲ, ರೋಗಿಯ ಬಳಿ ಇರಲೇಬೇಕು' ಎಂದು ಸ್ಪಷ್ಟವಾಗಿ ಹೇಳಿ ದಾಖಲಿಸಬೇಕು.

ಮೆಡ್‌ಜೆಟ್‌ನದು ಬೇರೆ ದಾರಿ. ಸದಸ್ಯರು ಆಸ್ಪತ್ರೆಯಲ್ಲಿ ಒಳರೋಗಿಯಾಗಿ ದಾಖಲಾಗಿರಬೇಕು, ಮುಂದೆಯೂ ಒಳರೋಗಿಯಾಗಿಯೇ ಚಿಕಿತ್ಸೆ ಬೇಕಾಗಿರಬೇಕು. ಅಷ್ಟಿದ್ದರೆ ಅವರು ತಮ್ಮ ದೇಶದಲ್ಲಿ ಆರಿಸಿಕೊಂಡ ಆಸ್ಪತ್ರೆಗೆ ಒಯ್ಯುತ್ತಾರೆ. ಬೇರೆ ಯೋಜನೆಗಳಲ್ಲಿ ಸಾಮಾನ್ಯವಾಗಿ ಕಂಪನಿಯ ವೈದ್ಯರು 'ವೈದ್ಯಕೀಯವಾಗಿ ಅಗತ್ಯ' ಎನ್ನಬೇಕು, ಒಯ್ಯುವುದೂ ಹತ್ತಿರದ ತಕ್ಕ ಆಸ್ಪತ್ರೆಗೆ. ಗ್ರ್ಯಾಂಡ್ ಜಂಕ್ಷನ್ನಿನ ಆಸ್ಪತ್ರೆ ತಕ್ಕದ್ದೇ ಆಗಿರುವುದರಿಂದ ಅಂಥ ಕರಾರಿನಲ್ಲಿ ಅಲ್ಲಿಂದ ಮನೆ ಹತ್ತಿರದ ಸ್ಟ್ಯಾನ್‌ಫರ್ಡ್ ಆಸ್ಪತ್ರೆಗೆ ಹಾರಿಸುವ ಪ್ರಶ್ನೆ ಏಳುವುದಿಲ್ಲ, ಗುಣವಾದ ಮೇಲೆ ಮನೆಗೆ ಕಳಿಸುತ್ತಾರೆ ಅಷ್ಟೇ. ಮೆಡ್‌ಜೆಟ್‌ನಲ್ಲಿ ಆ ಆಯ್ಕೆ ನಿಮ್ಮದು. ಆದರೆ ಮೆಡ್‌ಜೆಟ್‌ನ ಸಾಮಾನ್ಯ ಸದಸ್ಯತ್ವ 75 ವರ್ಷದೊಳಗಿನವರಿಗೆ, ಅದಕ್ಕೆ ಮೇಲ್ಪಟ್ಟವರಿಗೆ ಬೇರೆ ಯೋಜನೆ. ಅದು ಕಟ್ಟಿಕೊಂಡಿರುವುದು ರೋಗಿಯ ಸಾಗಣೆಯ ಸುತ್ತ. ಮೋಟರ್‌ಹೋಮನ್ನು ಮನೆಗೆ ತರಿಸಿಕೊಳ್ಳಲು ಅದನ್ನು ಕೊಳ್ಳಬೇಡಿ.

ಯಾವ ಯೋಜನೆಯಾದರೂ ಒಂದು ವಿಳಂಬ ಇದ್ದದ್ದೇ, ಅದಕ್ಕೆ ವಿಮಾನ ಕಾರಣವಲ್ಲ. ಸೇರಿಸಿಕೊಳ್ಳುವ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇರಬೇಕು, ರೋಗಿಯ ಹೊಣೆ ಹೊರಲು ಅಲ್ಲಿಯ ಒಬ್ಬ ವೈದ್ಯರು ಒಪ್ಪಿರಬೇಕು. ಕುಟುಂಬದವರು ತಮ್ಮ ಹೃದ್ರೋಗ ತಜ್ಞರ ಕಚೇರಿಗೆ ಬೆಳಗ್ಗೆಯೇ ಫೋನ್ ಮಾಡಿದರೆ ಈ ಎರಡನೆಯ ಗಂಟು ಬೇಗ ಬಿಚ್ಚಿಕೊಳ್ಳುತ್ತದೆ. ರೋಗಿಗೆ ಪ್ರಜ್ಞೆ ಇಲ್ಲದಿದ್ದರೆ ಅವರ ಪರ ಮಾತಾಡುವ ಅಧಿಕಾರಪತ್ರ, ಔಷಧಗಳ ಪಟ್ಟಿ, ಇತ್ತೀಚಿನ ಇಸಿಜಿ ಫೋನಿನಲ್ಲಿರಲಿ. ನಾಯಿಗೆ ರೇಬೀಸ್ ಲಸಿಕೆಯ ಪತ್ರವಿಲ್ಲದಿದ್ದರೆ ಅದರ ಪ್ರಯಾಣವೂ ನಿಂತುಹೋಗಬಹುದು.

ಈ ನೆರವಿನ ಯೋಜನೆಯನ್ನೇ ಟೋ ಸೇವೆ ಎಂದು ತಿಳಿಯಬೇಡಿ. ಗಾಡಿ ಕೆಟ್ಟರೆ ಬೇಕಾಗುವುದು ಕೋಚ್‌ನೆಟ್, ಗುಡ್ ಸ್ಯಾಮ್ ರೋಡ್‌ಸೈಡ್ ಅಥವಾ ವಾಹನ ಸವಾರರ ಸಂಘ ಎಎಎಯ ಆರ್‌ವಿ ಸೇರಿಸಿದ ಸದಸ್ಯತ್ವ. ಕಾರಿಗೆಂದು ತೆಗೆದುಕೊಂಡ ಮಾಮೂಲಿ ಎಎಎ ಕಾರ್ಡು ಮೋಟರ್‌ಹೋಮಿಗೆ ಸಾಲದು. ಕಾರು ಎಳೆಯುವ ಫ್ಲಾಟ್‌ಬೆಡ್ ಬಂದು, ಗಾಡಿ ನೋಡಿ, ವಾಪಸು ಹೋಗುತ್ತದೆ. ಕರೆ ಮಾಡಿದಾಗ ಹೇಳಬೇಕಾದ್ದು ಉದ್ದ, ಎತ್ತರ, ಬಾಗಿಲ ಬಳಿ ಅಂಟಿಸಿರುವ ಒಟ್ಟು ತೂಕದ ಮಿತಿ, ಎಂಜಿನ್ ಮುಂದಿದೆಯೋ ಹಿಂದಿದೆಯೋ, ಏರ್ ಬ್ರೇಕ್ ಇದೆಯೋ, ಹಿಂದೆ ಕಾರು ಕಟ್ಟಿದ್ದೀರೋ ಎನ್ನುವುದು. ಏರ್ ಬ್ರೇಕಿನ ಗಾಡಿಯಲ್ಲಿ ಗಾಳಿಯ ಒತ್ತಡ ಇಳಿದರೆ ಸ್ಪ್ರಿಂಗ್ ಬ್ರೇಕ್ ತಾನಾಗಿ ಕಚ್ಚಿಕೊಳ್ಳುತ್ತದೆ. ಹೊರಗಿನಿಂದ ಗಾಳಿ ಕೊಡದೆ ಅಥವಾ ಬೋಲ್ಟ್ ಹಾಕಿ ಬಿಡಿಸದೆ ಅದು ಅಲ್ಲಾಡುವುದಿಲ್ಲ. ಆಟೊಮ್ಯಾಟಿಕ್ ಗೇರಿನ ಮೋಟರ್‌ಹೋಮನ್ನು ಚಾಲಕ ಚಕ್ರಗಳು ನೆಲದ ಮೇಲಿರುವಂತೆ ಎಳೆಯುವುದಾದರೆ ಡ್ರೈವ್‌ಶಾಫ್ಟ್ ಕಳಚಲೇಬೇಕು. ಎಂಜಿನ್ ನಿಂತಾಗ ಗೇರ್‌ಬಾಕ್ಸಿನ ಎಣ್ಣೆ ಪಂಪು ತಿರುಗುವುದಿಲ್ಲ, ಒಳಗೆ ಒಣಗಿ ಸುಟ್ಟುಹೋಗುತ್ತದೆ. ನಿಲ್ಲಿಸಿದಾಗ ಜಾಗ ಹೆಚ್ಚಿಸಲು ಹೊರಚಾಚುವ ಗೋಡೆಯ ಭಾಗ, ಅಂದರೆ ಸ್ಲೈಡ್‌ಔಟ್, ಒಳಗೆ ಹೋಗದಿದ್ದರೂ ಟೋ ಆಗುವುದಿಲ್ಲ. ಅದನ್ನು ಕೈಯಿಂದ ಒಳತಳ್ಳುವ ಕ್ರ್ಯಾಂಕ್ ಎಲ್ಲಿದೆ ಎಂದು ಹೊರಡುವ ಮೊದಲೇ ನೋಡಿಕೊಳ್ಳಿ. ಬಹಳಷ್ಟು ಕ್ಲಾಸ್ ಎ ಗಾಡಿಗಳಲ್ಲಿ ಸ್ಟೆಪ್ನಿ ಇರುವುದಿಲ್ಲ. ಟೈರು ಬಂದು ಹಾಕುವ ಕೂಲಿ ಯೋಜನೆಯದಾದರೂ ಟೈರಿನ ಬೆಲೆ ನಿಮ್ಮದೇ.

ಗಡಿ ದಾಟುವ ವಿಚಾರ. ಮೆಕ್ಸಿಕೋದಲ್ಲಿ ಅಮೆರಿಕದ ವಾಹನ ವಿಮೆಯ ಹೊಣೆಗಾರಿಕೆ ಭಾಗಕ್ಕೆ ಮಾನ್ಯತೆ ಇಲ್ಲ, ಅಲ್ಲಿನ ಪಾಲಿಸಿ ಬೇಕೇ ಬೇಕು. ಹೆದ್ದಾರಿಯಲ್ಲಿ ಕೆಟ್ಟರೆ 078 ಒತ್ತಿದರೆ ಸರ್ಕಾರಿ 'ಹಸಿರು ದೇವದೂತರ' ಗಸ್ತಿನವರು ಬರುತ್ತಾರೆ. ಮೆಡಿಕೇರ್ ಸಾಮಾನ್ಯವಾಗಿ ಅಮೆರಿಕದ ಹೊರಗೆ ನಡೆಯುವುದಿಲ್ಲ. ಅಲಾಸ್ಕಕ್ಕೆ ಹೋಗಿಬರುವಾಗ ಕೆನಡಾದೊಳಗಿನ ನೇರ ದಾರಿಯಲ್ಲಿ, ಅನಗತ್ಯ ತಡಮಾಡದೆ ಸಾಗುವಾಗ ತುರ್ತು ಬಂದು, ಅಮೆರಿಕದ ಆಸ್ಪತ್ರೆಗಿಂತ ಕೆನಡಾದ್ದೇ ಹತ್ತಿರವಿದ್ದರೆ ವಿನಾಯಿತಿ ಉಂಟು. ಮೆಡಿಕೇರ್‌ಗೆ ಪೂರಕವಾಗಿ ಕೊಳ್ಳುವ ಖಾಸಗಿ ವಿಮೆ ಮೆಡಿಗ್ಯಾಪ್‌ನ ಸಿ, ಡಿ, ಎಫ್, ಜಿ, ಎಂ, ಎನ್ ಪ್ಲಾನ್‌ಗಳು 250 ಡಾಲರ್ ಕಳೆದ ಮೇಲೆ 80 ಪ್ರತಿಶತ ಕೊಡುತ್ತವೆ, ಅದೂ ಪ್ರಯಾಣದ ಮೊದಲ 60 ದಿನ, ಜೀವಮಾನಕ್ಕೆ 50,000 ಡಾಲರ್ ಮಿತಿ.

ಕನ್ನಡದ ಮನೆಗಳಿಗೆ ವಿಶೇಷವಾಗಿ ಹೇಳಬೇಕಾದ್ದು ಬೇಸಿಗೆಯಲ್ಲಿ ಬೆಂಗಳೂರು, ಮೈಸೂರು, ಶಿವಮೊಗ್ಗದಿಂದ ಬರುವ ಅಪ್ಪ ಅಮ್ಮನ ಬಗ್ಗೆ. ಅವರನ್ನು ಆರ್‌ವಿಯಲ್ಲಿ ಕೂರಿಸಿಕೊಂಡು ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೊರಡುತ್ತೇವೆ, ಕುಟುಂಬ ಸದಸ್ಯತ್ವ ಇದೆಯಲ್ಲ ಎಂದುಕೊಳ್ಳುತ್ತೇವೆ. ಆ ಸದಸ್ಯತ್ವ ಸಾಮಾನ್ಯವಾಗಿ ಗಂಡ, ಹೆಂಡತಿ, ಅವಲಂಬಿತ ಮಕ್ಕಳಿಗಷ್ಟೇ. ಬಿ-2 ಪ್ರವಾಸಿ ವೀಸಾದ ತಂದೆತಾಯಿ ಅದರೊಳಗೆ ಇಲ್ಲ. ಅವರಿಗೆ ಬೇಕಾದ್ದು ಪ್ರತ್ಯೇಕ ವಿಸಿಟರ್ ಇನ್ಶೂರೆನ್ಸ್. ಅದರಲ್ಲೂ ಪ್ರತಿ ಚಿಕಿತ್ಸೆಗೆ ಇಂತಿಷ್ಟೇ ಎಂದು ಕೊಡುವ ಅಗ್ಗದ ಪ್ಲಾನ್ ಬಿಟ್ಟು ಸಮಗ್ರ ಪ್ಲಾನ್ ನೋಡಿ. ಮೊದಲೇ ಇದ್ದ ಬಿಪಿ, ಸಕ್ಕರೆ ಕಾಯಿಲೆ ಹಠಾತ್ತನೆ ಉಲ್ಬಣಿಸಿದರೆ ಎಷ್ಟು ವಯಸ್ಸಿನವರೆಗೆ, ಎಷ್ಟು ಡಾಲರ್‌ವರೆಗೆ ಎಂದು ಓದಿ. ಪಾರ್ಥಿವ ಶರೀರವನ್ನು ಭಾರತಕ್ಕೆ ಕಳಿಸುವ ಮೊತ್ತ ಅದರಲ್ಲಿದೆಯೋ ನೋಡಿ. ಅಂಥ ಹೊತ್ತಿನಲ್ಲಿ ಮರಣ ಪ್ರಮಾಣಪತ್ರ, ಎಂಬಾಮಿಂಗ್ ಪತ್ರ, ಸಾಂಕ್ರಾಮಿಕ ರೋಗವಿರಲಿಲ್ಲ ಎಂಬ ಪತ್ರ, ರದ್ದುಪಡಿಸಲು ಪಾಸ್‌ಪೋರ್ಟ್ ಹಿಡಿದು ಭಾರತೀಯ ಕಾನ್ಸುಲೇಟಿನಿಂದ ನಿರಾಕ್ಷೇಪಣಾ ಪತ್ರ ಪಡೆಯಬೇಕಾಗುತ್ತದೆ. ಈ ಓಡಾಟ ಗೊತ್ತಿರುವ ನೆರವು ಸಂಸ್ಥೆಯೊಂದು ಬೆನ್ನಿಗಿದ್ದರೆ ದುಃಖದ ಮನೆಗೆ ಎಷ್ಟೋ ಆಸರೆ.

ಗಾಡಿ ಬಾಡಿಗೆಯದಾದರೆ ಲೆಕ್ಕವೇ ಬೇರೆ. ಔಟ್‌ಡೋರ್ಸಿ, ಆರ್‌ವಿಶೇರ್ ಮೂಲಕ ಪಡೆದರೆ ರೋಡ್‌ಸೈಡ್ ನೆರವು ಬುಕಿಂಗಿನೊಂದಿಗೇ ಬರುತ್ತದೆ. ಕ್ರೆಡಿಟ್ ಕಾರ್ಡಿನ ಬಾಡಿಗೆ ಕಾರು ರಕ್ಷಣೆ ಮಾತ್ರ ಬಹುತೇಕ ಆರ್‌ವಿಗೆ ಅನ್ವಯಿಸುವುದಿಲ್ಲ.

ನಮ್ಮ ತೀರ್ಮಾನ ಹೀಗೆ. ದೊಡ್ಡ ಗಾಡಿ, ಓಡಿಸುವವರು ಒಬ್ಬರೇ, ವರ್ಷದಲ್ಲಿ ಕೆಲವಾದರೂ ದೂರದ ಪ್ರಯಾಣ ಇದ್ದರೆ ಎಫ್‌ಎಂಸಿಎ ಸದಸ್ಯತ್ವ ಮೊದಲ ಆಯ್ಕೆ. 1963ರಲ್ಲಿ ಮೋಟರ್‌ಹೋಮ್ ಮಾಲೀಕರಿಗಾಗಿ ಶುರುವಾದ ಸಂಘ ಈಗ ಟ್ರೇಲರ್, ಫಿಫ್ತ್ ವೀಲ್‌ನಂಥ ಬೇರೆ ವಾಹನ ಎಳೆಯುವ ಆರ್‌ವಿ ಇರುವವರನ್ನೂ ಸೇರಿಸಿಕೊಳ್ಳುತ್ತದೆ, ನೆರವು ಸದಸ್ಯತ್ವದ ಜೊತೆಗೇ ಬರುತ್ತದೆ, 75 ಮೈಲಿಯ ಗೆರೆ ಮೂರರಲ್ಲಿ ಉದಾರವಾದದ್ದು. ಗುಡ್ ಸ್ಯಾಮ್‌ನ ರೋಡ್‌ಸೈಡ್ ಈಗಾಗಲೇ ಇದ್ದವರು ಟ್ರಾವೆಲ್‌ಅಸಿಸ್ಟ್ ಅದರಲ್ಲೇ ಇದೆ ಎಂದು ಊಹಿಸದೆ ತಮ್ಮ ಪ್ಲಾನಿನ ಪುಟ ತೆರೆದು ನೋಡಲಿ. ಹಳೆಯ ಹೃದಯ ಕಾಯಿಲೆ, ಕ್ಯಾನ್ಸರ್ ಚಿಕಿತ್ಸೆಯ ಹಿನ್ನೆಲೆ ಇದ್ದು ತಮ್ಮ ಡಾಕ್ಟರ ಕೈಗೇ ಮರಳಬೇಕು ಎನ್ನುವವರು ಮೆಡ್‌ಜೆಟ್ ಸೇರಿಸಿಕೊಳ್ಳಬಹುದು, ಹಳೆಯ ಕಾಯಿಲೆಗಳ ಷರತ್ತನ್ನು ಮೊದಲು ಓದಿಕೊಂಡು. ಗಂಡ ಹೆಂಡತಿ ಇಬ್ಬರೂ ಗಾಡಿ ಓಡಿಸುತ್ತಾ, ಮನೆಯ ಸುತ್ತಲಿನ ಸ್ಟೇಟ್ ಪಾರ್ಕುಗಳಲ್ಲೇ ವಾರಾಂತ್ಯ ಕಳೆಯುವವರು ಮೂರನ್ನೂ ಬಿಟ್ಟು ಒಂದು ಗಟ್ಟಿ ಆರ್‌ವಿ ಟೋ ಸೇವೆ ಇಟ್ಟುಕೊಂಡರೆ ಸಾಕು.