ಒಂದೇ ಕಂಪನಿಯನ್ನು ನಂಬಿ ಆಫೀಸು ನಡೆಸಬೇಡಿ

ಒಬ್ಬರೇ ಪ್ರಾಕ್ಟೀಸ್ ಮಾಡುವ ವಕೀಲ ಗೆಳೆಯರೇ, ದೊಡ್ಡ ಕಂಪನಿಯೊಂದು ಸಿಕ್ಕಿತು ಅಂತ ಸಣ್ಣ ಕಕ್ಷಿದಾರರನ್ನು ಬಿಡುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ನಾನು ಬಿಟ್ಟು ಅನುಭವಿಸಿದ್ದೇನೆ.

ಮೊದಮೊದಲು ನನ್ನ ಹತ್ತಿರ ಬರುತ್ತಿದ್ದವರೆಲ್ಲ ಸಾಮಾನ್ಯ ಜನ. ವಿಚ್ಛೇದನ, ಆಸ್ತಿ ಪಾಲು, ಬಾಡಿಗೆ ಮನೆಯ ಜಗಳ. ರಾತ್ರಿ ಹತ್ತಕ್ಕೂ ಫೋನ್ ಬರುತ್ತಿತ್ತು. ಕಷ್ಟಸುಖ ಕೇಳುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು. ಆದರೆ ಮುಂಗಡ ಕೊಟ್ಟೇ ಕೆಲಸ ಶುರು ಮಾಡಿಸುತ್ತಿದ್ದರು. ಕೇಸು ಮುಗಿದ ಮೇಲೆ ತಮ್ಮ ಕಡೆಯವರನ್ನೂ ಕಳಿಸುತ್ತಿದ್ದರು.

ಆಮೇಲೆ ಕಂಪನಿ ಬಂತು. ಪ್ರತಿ ತಿಂಗಳೂ ಕರಾರು ಪತ್ರ, ನೋಟಿಸು, ಬಾಕಿ ವಸೂಲಿ. ಹೊತ್ತಲ್ಲದ ಹೊತ್ತಲ್ಲಿ ಫೋನ್ ಇಲ್ಲ. ನೆಮ್ಮದಿ ಅನ್ನಿಸಿತು. ಬೇರೆ ಕೇಸು ತಗೊಳ್ಳುವುದನ್ನೇ ನಿಲ್ಲಿಸಿದೆ. ವರ್ಷದೊಳಗೆ ನನ್ನ ಆದಾಯದ ಮುಕ್ಕಾಲು ಪಾಲು ಅದೊಂದರಿಂದಲೇ ಬರತೊಡಗಿತು.

ಅಲ್ಲಿ ಕೆಲಸ ಹೇಳುವವರು ಒಬ್ಬರು, ಬಿಲ್ ಒಪ್ಪುವವರು ಇನ್ನೊಬ್ಬರು, ದುಡ್ಡು ಹಾಕುವವರು ಮತ್ತೊಬ್ಬರು. 60 ದಿನ ಅಂದದ್ದು 120 ಆಯಿತು. ಜೋರಾಗಿ ಕೇಳಲು ಭಯ. ಅವರು ಮುನಿಸಿಕೊಂಡರೆ ನನ್ನ ಆಫೀಸಿಗೇ ಬೀಗ ಅಲ್ವಾ? ಒಮ್ಮೆ ಅವರು ಮಾಡಹೊರಟಿದ್ದು ಕಾನೂನಿಗೆ ವಿರುದ್ಧ ಅಂತ ಹೇಳುವುದಕ್ಕೆ ಎರಡು ದಿನ ಹಿಂದೆಮುಂದೆ ನೋಡಿದೆ. ಬಿಲ್ ತಡವಾಗಿದ್ದಕ್ಕಿಂತ ಇದೇ ನನಗೆ ಇವತ್ತಿಗೂ ಜಾಸ್ತಿ ನೋವು ಕೊಡುತ್ತದೆ.

ಒಂದು ಸಂಜೆ ಹಳೆಯ ಕಕ್ಷಿದಾರರೊಬ್ಬರು ಬಂದರು. ವಯಸ್ಸಾದ ತಾಯಿ. ಪ್ಲಾಸ್ಟಿಕ್ ಕವರಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು, ಮೇಜಿನ ಮೇಲಿಟ್ಟು ಅಂಗೈಯಿಂದ ಸವರಿ ಸರಿಮಾಡಿದರು. ಮಗನನ್ನು ಕೆಲಸದಿಂದ ತೆಗೆದ ಪತ್ರ. ಮೇಲೆ ಅದೇ ಕಂಪನಿಯ ಹೆಸರು. ಮುಂದೆ ಓದದೆ ವಾಪಸ್ ಕೊಟ್ಟೆ.

"ಅಮ್ಮ, ಇದನ್ನು ನಾನು ನೋಡೋ ಹಾಗಿಲ್ಲ. ಬೇಗ ಬೇರೆ ವಕೀಲರ ಹತ್ತಿರ ಹೋಗಿ. ಇದಕ್ಕೆಲ್ಲ ಗಡುವು ಇರುತ್ತದೆ."

"ನೀವಿದ್ದೀರಿ ಅಂತಲೇ ಬಂದೆ ಸಾರ್" ಅಂದರು. ಇನ್ನೇನೂ ಹೇಳಲಿಲ್ಲ.

ಕೆಲವು ತಿಂಗಳಲ್ಲಿ ಕಂಪನಿ ತನ್ನದೇ ವಕೀಲರನ್ನು ಸಂಬಳಕ್ಕೆ ಇಟ್ಟುಕೊಂಡಿತು. ಒಂದು ಮೇಲ್ ಬಂತು, ಅಷ್ಟೇ. ಅವರು ನಮ್ಮನ್ನು ಬಿಟ್ಟರೂ ಅವರ ಗುಟ್ಟು ಕಾಯುವ ಹೊಣೆ ನಮ್ಮನ್ನು ಬಿಡುವುದಿಲ್ಲ. ನಾವೇ ನೋಡಿಕೊಂಡ ವಿಷಯದಲ್ಲಿ ಅವರ ಎದುರು ಪಕ್ಷಕ್ಕೆ ನಿಲ್ಲುವಂತೆಯೂ ಇಲ್ಲ.

ಕಂಪನಿ ಕೆಲಸವೇ ಬೇಡ ಅನ್ನುತ್ತಿಲ್ಲ. ತಗೊಳ್ಳಿ. ಆದರೆ ಯಾರೊಬ್ಬರ ಫೀಸೂ ನಿಮ್ಮ ಆದಾಯದ ಮೂರನೇ ಒಂದು ಪಾಲು ದಾಟದಿರಲಿ. ಅವರಿಂದಲೂ ಮುಂಗಡ ಕೇಳಿ. ದುಡ್ಡು ಎಷ್ಟು ದಿನದಲ್ಲಿ ಬರಬೇಕು, ಬರದಿದ್ದರೆ ಕೆಲಸ ಯಾವಾಗ ನಿಲ್ಲುತ್ತದೆ ಅನ್ನುವುದು ಮೊದಲ ದಿನವೇ ಬರಹದಲ್ಲಿರಲಿ. ನಿಮ್ಮ ಕಕ್ಷಿದಾರರು ಕಂಪನಿಯೋ, ಅದರ ಮಾಲೀಕರೋ ಅನ್ನುವುದನ್ನೂ ಸ್ಪಷ್ಟವಾಗಿ ಬರೆಯಿರಿ. ಇಲ್ಲದಿದ್ದರೆ ನಾಳೆ ಮಾಲೀಕರ ಮನೆ ಜಗಳವೂ ನಿಮ್ಮ ಮೇಜಿಗೇ ಬರುತ್ತದೆ.

ಕಂಪನಿಯ ಕೊನೆಯ ಎರಡು ಬಿಲ್ ಇನ್ನೂ ಬಾಕಿ ಇವೆ. ಹಳಬರಲ್ಲಿ ಕೆಲವರು ಮತ್ತೆ ಬರುತ್ತಿದ್ದಾರೆ. ಆ ತಾಯಿ ಬಂದಿಲ್ಲ.