ಟ್ರೇಲರ್‌ಗೆಂದು ಮನೆ ಪಕ್ಕ ಹಾಕಿಸಿದ 30 ಆಂಪ್ ಪ್ಲಗ್: ನಾಲ್ಕು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಅಂಕ. ಒಂದು ಅಂಕ ಹೋಗಿದ್ದು ಪ್ಲಗ್ಗಿನ ತಪ್ಪಿಗಲ್ಲ, ನನ್ನ ಜಿಪುಣತನಕ್ಕೆ. ಅದನ್ನು ಕೊನೆಗೆ ಹೇಳುತ್ತೇನೆ.

ನಾವಿರುವುದು ಟೆಕ್ಸಸ್‌ನಲ್ಲಿ, ಆಸ್ಟಿನ್‌ನ ಉತ್ತರಕ್ಕೆ ಲಿಯಾಂಡರ್ ಕಡೆ. 2020ರಲ್ಲಿ ಎಲ್ಲರೂ ಮನೆಯೊಳಗೆ ಕೂತು ಬೇಜಾರಾಗಿದ್ದಾಗ ಒಂದು ಸೆಕೆಂಡ್ ಹ್ಯಾಂಡ್ ಟ್ರಾವೆಲ್ ಟ್ರೇಲರ್ ಕೊಂಡೆವು. 24 ಅಡಿ ಉದ್ದ. ಒಳಗೆ ಹಾಸಿಗೆ, ಅಡುಗೆ ಒಲೆ, ಫ್ರಿಜ್ಜು, ಬಚ್ಚಲು, ತಲೆ ಮೇಲೆ ಏಸಿ. ಊರಲ್ಲಿ ಕೇಳಿದವರಿಗೆ 'ಗಾಡಿ ಹಿಂದೆ ಕಟ್ಟಿಕೊಂಡು ಹೋಗೋ ಮನೆ' ಅಂತ ಹೇಳುತ್ತೇನೆ. ನಮ್ಮ ಬಡಾವಣೆ ಹಳೆಯದು, ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಕಾಟ ಇಲ್ಲ. ಹಾಗಾಗಿ ಟ್ರೇಲರ್ ಮನೆ ಪಕ್ಕದಲ್ಲೇ ನಿಲ್ಲುತ್ತದೆ. ಬಹಳಷ್ಟು ಬಡಾವಣೆಗಳಲ್ಲಿ ಇದಕ್ಕೆ ಬಿಡುವುದಿಲ್ಲ. ಪ್ಲಗ್ ಯೋಚನೆ ಮಾಡುವ ಮೊದಲು ಅದನ್ನು ನೋಡಿಕೊಳ್ಳಿ.

ಪ್ಲಗ್ ಬೇಕು ಅನ್ನಿಸಿದ್ದು 2021ರ ಫೆಬ್ರುವರಿಯಲ್ಲಿ. ಆ ಹಿಮದ ವಾರ ಟೆಕ್ಸಸ್‌ನಲ್ಲಿದ್ದವರು ಯಾರೂ ಮರೆತಿಲ್ಲ. ಗ್ರಿಡ್ ಕುಸಿಯುವ ಹಂತಕ್ಕೆ ಬಂತು, ಲಕ್ಷಾಂತರ ಮನೆಗಳಿಗೆ ಕರೆಂಟ್ ಹೋಯಿತು. ನಮ್ಮ ಮನೆಯ ಹೀಟರ್ ಸತ್ತಿತು. ಆಗ ನೆನಪಾದದ್ದು ಟ್ರೇಲರ್. ಎರಡು ಸಿಲಿಂಡರ್ ಪ್ರೊಪೇನ್ ತುಂಬಿತ್ತು, ಒಳಗೆ ಗ್ಯಾಸ್ ಹೀಟರ್ ಇತ್ತು. ಇನ್ನೇನು ಬೇಕು ಅಂತ ಮಕ್ಕಳನ್ನು ರಜಾಯಿಯಲ್ಲಿ ಸುತ್ತಿಕೊಂಡು ಓಡಿದೆವು. ಸ್ವಿಚ್ ಒತ್ತಿದರೆ ಒಂದು ಸಣ್ಣ ಟಕ್ ಸದ್ದು, ಅಷ್ಟೇ.

ವಿಷಯ ಏನೆಂದರೆ, ಗ್ಯಾಸ್ ಹೀಟರ್ ಆದರೂ ಬಿಸಿಗಾಳಿ ತಳ್ಳುವ ಫ್ಯಾನ್ ಓಡುವುದು 12 ವೋಲ್ಟ್ ಬ್ಯಾಟರಿಯಲ್ಲಿ. ಬ್ಯಾಟರಿ ಚಾರ್ಜ್ ಕಾಣದೆ ಎರಡು ತಿಂಗಳಾಗಿತ್ತು. ಗಾಡಿ ಸುಮ್ನೆ ನಿಂತಿದ್ದರೂ ಗ್ಯಾಸ್ ಸೋರಿಕೆ ಪತ್ತೆ ಮಾಡುವ ಅಲಾರಂ ಹಗಲು ರಾತ್ರಿ ಒಂದಿಷ್ಟು ಚಾರ್ಜ್ ಕುಡಿಯುತ್ತಲೇ ಇರುತ್ತದೆ. ನನ್ನ ಗಂಡ ಆ ಚಳಿಯಲ್ಲಿ ಪಿಕಪ್ ತಂದು ಪಕ್ಕಕ್ಕೆ ನಿಲ್ಲಿಸಿ, ಜಂಪರ್ ಕೇಬಲ್ ಹಾಕಿ ಬ್ಯಾಟರಿಗೆ ಜೀವ ಕೊಟ್ಟರು. ಬೆಳಗಿನವರೆಗೆ ಮೂರು ಸಲ ಎದ್ದು ಅದೇ ಕೆಲಸ. ಮಾರ್ಚ್‌ನಲ್ಲಿ ಎಲೆಕ್ಟ್ರಿಷಿಯನ್ ಹುಡುಕಲು ಶುರು ಮಾಡಿದೆ.

ಅದಕ್ಕೂ ಮೊದಲು ನಮ್ಮಲ್ಲಿದ್ದ ವ್ಯವಸ್ಥೆ ನೆನೆದರೆ ಈಗ ಮೈ ಜುಂ ಅನ್ನುತ್ತದೆ. ಗ್ಯಾರೇಜಿನ ಮಾಮೂಲಿ 15 ಆಂಪ್ ಪ್ಲಗ್ಗಿಗೆ 50 ಅಡಿಯ ಕಿತ್ತಳೆ ಬಣ್ಣದ ಎಕ್ಸ್‌ಟೆನ್ಷನ್ ವೈರು, ಅದರ ತುದಿಗೆ ಒಂದು ಅಡಾಪ್ಟರ್, ಅದಕ್ಕೆ ಟ್ರೇಲರ್‌ನ ದಪ್ಪ ಕೇಬಲ್ಲು. ದೀಪ, ಚಾರ್ಜಿಂಗ್‌ಗೆ ಸಾಕಾಗುತ್ತಿತ್ತು, ನಿಜ. ಏಸಿ ಹಾಕಿದರೆ ಮೀಟರ್ 105 ವೋಲ್ಟ್ ತೋರಿಸುತ್ತಿತ್ತು. ಇರಬೇಕಾದದ್ದು 120. ಕಂಪ್ರೆಸರ್ ಎತ್ತಲಾಗದ ಭಾರ ಎತ್ತುವವರ ಹಾಗೆ ಮುಲುಗುತ್ತಿತ್ತು. ವೈರು ಮುಟ್ಟಿದರೆ ಬೆಚ್ಚಗೆ. ದಯವಿಟ್ಟು ಇದರಲ್ಲಿ ಏಸಿ ಓಡಿಸಬೇಡಿ.

ಈಗ ಮುಖ್ಯ ವಿಷಯ. ಈ ವಿಮರ್ಶೆಯಲ್ಲಿ ಒಂದೇ ಪ್ಯಾರಾ ಓದುವ ಪುರುಸೊತ್ತಿದ್ದರೆ ಇದನ್ನೇ ಓದಿ. ಅಮೆರಿಕದಲ್ಲಿ ಟ್ರೇಲರ್‌ನ 30 ಆಂಪ್ ಪ್ಲಗ್ 120 ವೋಲ್ಟಿನದು. ಒಂದು ಫೇಸ್, ಒಂದು ನ್ಯೂಟ್ರಲ್, ಒಂದು ಅರ್ಥ್. ಇದರ ಹೆಸರು ಟಿಟಿ-30. ಆದರೆ ಬಟ್ಟೆ ಒಣಗಿಸುವ ಡ್ರೈಯರ್‌ಗೆ ಹಾಕುವ 30 ಆಂಪ್ ಪ್ಲಗ್ 240 ವೋಲ್ಟಿನದು. ಎಲೆಕ್ಟ್ರಿಷಿಯನ್‌ಗಳು ದಿನಾ ನೋಡುವುದು ಡ್ರೈಯರ್ ಪ್ಲಗ್ಗನ್ನೇ. ನಮ್ಮಲ್ಲಿಗೆ ಮೊದಲು ಬಂದವರು ಕೊಟೇಷನ್‌ನಲ್ಲಿ ಎರಡು ಪೋಲಿನ ಬ್ರೇಕರ್, ಅಂದರೆ 240 ವೋಲ್ಟ್ ಕೊಡುವಂಥದ್ದು, ಬರೆದಿದ್ದರು. ಯಾಕೆ ಅಂತ ಕೇಳಿದರೆ '30 ಆಂಪ್ ಅಂದರೆ ಯಾವಾಗಲೂ 240' ಅಂದರು. ಇಪ್ಪತ್ತು ವರ್ಷದ ಅನುಭವವಂತೆ. ಅವರು ಹೇಳಿದ ಹಾಗೆ ಮಾಡಿಸಿದ್ದರೆ ಟ್ರೇಲರ್‌ನ ಮೈಕ್ರೋವೇವ್, ಟಿವಿ, ಬ್ಯಾಟರಿ ಚಾರ್ಜ್ ಮಾಡುವ ಕನ್ವರ್ಟರ್ ಎಲ್ಲವೂ ಒಂದೇ ಏಟಿಗೆ ಹೊಗೆಯಾಗುತ್ತಿದ್ದವು. ಕಾಫಿ ಕೊಟ್ಟು ಕಳಿಸಿದೆ. ಎರಡನೆಯವರು ಗಾಡಿ ನೋಡುವ ಮೊದಲೇ 'ಕೇಬಲ್ ತುದಿಯಲ್ಲಿ ಮೂರು ಕಡ್ಡಿಯೋ, ನಾಲ್ಕೋ?' ಅಂತ ಕೇಳಿದರು. ಕೆಲಸ ಅವರಿಗೇ ಕೊಟ್ಟೆ. ನಾಲ್ಕು ಕಡ್ಡಿ ಇದ್ದರೆ ಅದು 50 ಆಂಪ್, ದೊಡ್ಡ ಗಾಡಿಗಳದ್ದು. ಅದರಲ್ಲಿ ಎರಡು ಫೇಸ್ ಬರುತ್ತದೆ, 240 ಅಲ್ಲಿ ಸರಿ.

ಕೆಲಸ ಮುಗಿದ ದಿನ ಗಾಡಿ ಸಿಕ್ಕಿಸುವ ಮೊದಲು ಮಲ್ಟಿಮೀಟರ್ ಇಟ್ಟು ನಾನೇ ನೋಡಿದೆ. ಫೇಸ್ ನ್ಯೂಟ್ರಲ್ ನಡುವೆ 121, ಫೇಸ್ ಅರ್ಥ್ ನಡುವೆ 121, ನ್ಯೂಟ್ರಲ್ ಅರ್ಥ್ ನಡುವೆ ಹೆಚ್ಚುಕಡಿಮೆ ಸೊನ್ನೆ. ಯಾರೇ ಹಾಕಿಕೊಟ್ಟಿರಲಿ, ಈ ಎರಡು ನಿಮಿಷದ ಕೆಲಸ ಬಿಡಬೇಡಿ. ಇದರ ಜತೆಗೆ ಒಂದು ಇಎಂಎಸ್, ಅಂದರೆ ವೋಲ್ಟೇಜ್ ಕಾವಲು ನೋಡುವ ಪೆಟ್ಟಿಗೆ, ಕೂಡ ಇಟ್ಟುಕೊಂಡಿದ್ದೇನೆ. ವೋಲ್ಟೇಜ್ 104ಕ್ಕಿಂತ ಇಳಿದರೆ ಅಥವಾ 132 ದಾಟಿದರೆ ಅದು ತಾನೇ ಕರೆಂಟ್ ಕಡಿದುಬಿಡುತ್ತದೆ.

ಕೆಲಸದ ವಿವರ ಚಿಕ್ಕದು. ಪ್ಯಾನೆಲ್‌ನಿಂದ ಗಾಡಿ ನಿಲ್ಲುವ ಜಾಗಕ್ಕೆ 60 ಅಡಿ. 10 ಗೇಜ್ ತಾಮ್ರದ ವೈರು, 30 ಆಂಪ್‌ನ ಸಿಂಗಲ್ ಪೋಲ್ ಬ್ರೇಕರ್, ತುದಿಯಲ್ಲಿ ಮಳೆಗೆ ನೆನೆಯದ ಮುಚ್ಚಳದ ಡಬ್ಬಿ. ಪಿವಿಸಿ ಪೈಪು ನೆಲದಲ್ಲಿ 18 ಇಂಚು ಆಳದಲ್ಲಿರಬೇಕು. ಪೈಪಿಲ್ಲದೆ ಕೇಬಲ್ಲನ್ನೇ ಹೂಳುವುದಾದರೆ 24 ಇಂಚು. ಅಗೆಯುವ ಕೆಲಸ ನಾವೇ ಮಾಡಿಕೊಳ್ಳುತ್ತೇವೆ, ದುಡ್ಡು ಉಳಿಯುತ್ತದೆ ಅಂತ ಹೇಳಿದ್ದೆ. ಲಿಯಾಂಡರ್‌ನ ನೆಲ ಅಂದರೆ ಅರ್ಧ ಅಡಿ ಮಣ್ಣು, ಆಮೇಲೆ ಸುಣ್ಣದ ಕಲ್ಲು. ಎರಡು ವಾರಾಂತ್ಯ, ಒಂದು ಗುದ್ದಲಿ ಹಿಡಿ, ನನ್ನ ಗಂಡನ ಸೊಂಟ, ಮೂರೂ ಹೋದವು. ಅಗೆಯುವ ಮೊದಲು 811ಕ್ಕೆ ಫೋನ್ ಮಾಡಲೇಬೇಕು. ಬಂದು ಗ್ಯಾಸು, ಕೇಬಲ್ಲು ಎಲ್ಲೆಲ್ಲಿದೆ ಅಂತ ಬಣ್ಣದಲ್ಲಿ ಗೆರೆ ಹಾಕಿ ಹೋಗುತ್ತಾರೆ, ಪುಕ್ಕಟೆ. ಪರ್ಮಿಟ್, ಸಾಮಾನು, ಕೂಲಿ ಎಲ್ಲ ಸೇರಿ ನಮಗೆ 1,150 ಡಾಲರ್ ಆಯಿತು.

2022ರ ಬೇಸಿಗೆಗೆ ಅಪ್ಪ ಅಮ್ಮ ಹಾಸನದಿಂದ ಬಂದರು. ಟ್ರೇಲರೇ ಅವರ ಕೋಣೆ. ಹೊರಗೆ 100 ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ 38 ಡಿಗ್ರಿ. ಏಸಿ ಬೆಳಗ್ಗೆಯಿಂದ ರಾತ್ರಿವರೆಗೆ ಓಡುತ್ತಿತ್ತು. ಪ್ಲಗ್ಗಿಗೆ ನಿಜವಾದ ಪರೀಕ್ಷೆ ಆಗಿದ್ದು ಆಗಲೇ. ಅಪ್ಪ ಕೆಇಬಿಯಲ್ಲಿ ಲೈನ್‌ಮ್ಯಾನ್ ಆಗಿದ್ದವರು. ಬಂದ ಮರುದಿನವೇ ಡಬ್ಬಿ ಮುಚ್ಚಳ ತೆಗೆದು ನಿಂತಿದ್ದರು.

"ಇಷ್ಟು ದಪ್ಪದ ವೈರು, 30 ಆಂಪ್ ಅಂತೀಯ. ಒಟ್ಟು ಎಷ್ಟು ವ್ಯಾಟ್ ಸಿಗುತ್ತೆ?"

"3,600 ಅಪ್ಪ."

ಅವರು ಮನಸ್ಸಲ್ಲೇ ಗುಣಿಸಿ ನಕ್ಕರು. "ನಮ್ಮ ಮನೆ ಬಚ್ಚಲಲ್ಲಿ ಗೀಸರ್‌ಗೆ ಹಾಕಿರೋ 16 ಆಂಪ್ ಪ್ಲಗ್ ಇದೆಯಲ್ಲ, ಅದು 3,680. ಇಷ್ಟೆಲ್ಲಾ ಅಗೆದು ಒಂದು ಗೀಸರ್ ಪ್ಲಗ್ ಹಾಕಿಸ್ಕೊಂಡಿದ್ದೀಯ ಪುಟ್ಟಿ."

ಲೆಕ್ಕ ಸರಿಯಾಗಿಯೇ ಇತ್ತು. ಅಲ್ಲಿ 230 ವೋಲ್ಟ್, ಇಲ್ಲಿ 120. ವೋಲ್ಟ್ ಅರ್ಧವಾದರೆ ಅದೇ ಕೆಲಸಕ್ಕೆ ಆಂಪ್ ದುಪ್ಪಟ್ಟು, ಅದಕ್ಕೇ ಈ ದಪ್ಪ ವೈರು. ಆವತ್ತಿನಿಂದ ಮನೆಯಲ್ಲಿ ಇದರ ಹೆಸರು ಗೀಸರ್ ಪ್ಲಗ್. ಹಾಗೆ ಯೋಚಿಸಿದರೆ ಮಿತಿಯೂ ಬೇಗ ಅರ್ಥವಾಗುತ್ತದೆ. ನಮ್ಮ ಏಸಿಗೆ ಸುಮಾರು 13 ಆಂಪ್, ಮೈಕ್ರೋವೇವ್‌ಗೆ 12, ನೀರು ಕಾಯಿಸಲು ಇನ್ನೊಂದು 12. ಮೂರೂ ಒಟ್ಟಿಗೆ ಆಗುವುದಿಲ್ಲ. ಅಮ್ಮ ಎರಡು ಸಲ ಬ್ರೇಕರ್ ಬೀಳಿಸಿ, ಮೂರನೇ ದಿನದಿಂದ ಹಾಲು ಬಿಸಿ ಮಾಡುವ ಮೊದಲು ತಾವೇ ನೀರಿನ ಸ್ವಿಚ್ ಆರಿಸುತ್ತಿದ್ದರು.

ತೊಂದರೆಗಳು ಬಂದಿಲ್ಲ ಅಂತಲ್ಲ. ಮೊದಲನೆಯದು ಜಿಎಫ್‌ಸಿಐ ಅನ್ನುವ ಸುರಕ್ಷತಾ ಬ್ರೇಕರ್. ಮನೆ ಹೊರಗಿನ ಪ್ಲಗ್ ಅಂತ ಇನ್ಸ್‌ಪೆಕ್ಟರ್ ಇದು ಬೇಕೇ ಬೇಕು ಅಂದರು. ಹೋದ ಕರೆಂಟ್ ಅಷ್ಟೇ ವಾಪಸ್ ಬರುತ್ತಿದೆಯಾ ಅಂತ ಇದು ನೋಡುತ್ತಾ ಇರುತ್ತದೆ. ಸುಮಾರು 5 ಮಿಲಿಆಂಪ್ ಆಚೀಚೆ ಸೋರಿದರೂ ಕಡಿದುಬಿಡುತ್ತದೆ. ಅಪ್ಪ ಬರುವ ಹೊತ್ತಿಗೆ ವಾರಕ್ಕೆ ಎರಡು ಸಲ ಬೀಳಲು ಶುರುವಾಗಿತ್ತು. ಕಿತ್ತು ಹಾಕಿ ಮಾಮೂಲಿ ಬ್ರೇಕರ್ ಹಾಕಿಸಿಬಿಡೋಣ ಅಂದೆ. ಅಪ್ಪನಿಗೆ ಸಿಟ್ಟು ಬಂತು. "ಫ್ಯೂಸ್ ಹೋಗುತ್ತೆ ಅಂತ ದಪ್ಪ ತಂತಿ ಕಟ್ಟೋ ಜನಾನ ಜೀವಮಾನ ಪೂರ್ತಿ ನೋಡಿದ್ದೀನಿ. ನೀನೂ ಅದೇ ಮಾಡ್ತೀಯಾ?" ಆಮೇಲೆ ಇಬ್ಬರೂ ಕೂತು ಟ್ರೇಲರ್‌ನ ಒಂದೊಂದೇ ಸಾಮಾನು ಬಿಡಿಸುತ್ತಾ ಹೋದೆವು. ಫ್ರಿಜ್ಜಿನಲ್ಲಿ ಸಿಕ್ಕಿತು. ಈ ಫ್ರಿಜ್ಜು ಗ್ಯಾಸಿನಲ್ಲೂ ಓಡುತ್ತದೆ, ಕರೆಂಟಿನಲ್ಲೂ ಓಡುತ್ತದೆ. ಕರೆಂಟಿಗೆ ಒಳಗೆ ಒಂದು ಬಿಸಿಯಾಗುವ ಕಡ್ಡಿ ಇದೆ. ಅದು ಹಳತಾಗಿ ಒಳಗೊಳಗೇ ಅರ್ಥಿಗೆ ಸೋರುತ್ತಿತ್ತು. ಕಡ್ಡಿ ಬದಲಾಯಿಸಿದ ಮೇಲೆ ಮೂರು ವರ್ಷದಲ್ಲಿ ಒಂದೇ ಒಂದು ಸಲ ಬಿದ್ದಿದೆ, ಅದೂ ಜೋರು ಮಳೆಯಲ್ಲಿ.

ಎರಡನೆಯದನ್ನು ಹಿಡಿದಿದ್ದೂ ಅವರೇ. ಆಗಸ್ಟಿನ ಒಂದು ಮಧ್ಯಾಹ್ನ ಡಬ್ಬಿ ಪಕ್ಕ ನಿಂತು ಮೂಗು ಏರಿಸಿದರು. ಅಂಗೈ ತಿರುಗಿಸಿ ಹಿಂಗೈಯಿಂದ ಪ್ಲಗ್ಗನ್ನು ಮುಟ್ಟಿದರು. "ಬೇಕಲೈಟ್ ಸುಟ್ಟ ವಾಸನೆ. ಆರಿಸು ಮೊದಲು." ತೆಗೆದು ನೋಡಿದರೆ ಕೇಬಲ್ಲಿನ ಒಂದು ಕಡ್ಡಿ ಬುಡದಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು. ಪ್ಲಗ್ಗಿನೊಳಗಿನ ಹಿಡಿತ ಸಡಿಲವಾಗಿತ್ತು. ಇದರಲ್ಲಿ ತಪ್ಪು ನನ್ನದೇ. ಒಂದು ವರ್ಷ ಪೂರ್ತಿ ಬ್ರೇಕರ್ ಆರಿಸದೆ, ಒಳಗೆ ಏಸಿ ಓಡುತ್ತಿದ್ದರೂ ಹಾಗೇ ಎಳೆದು ಸಿಕ್ಕಿಸುತ್ತಿದ್ದೆ. ಪ್ರತಿ ಸಲ ಒಂದು ಕಿಡಿ ಹಾರುತ್ತಿತ್ತು, ಪ್ರತಿ ಸಲ ಒಂದಿಷ್ಟು ಲೋಹ ಸುಡುತ್ತಿತ್ತು. ಹೊಸ ಪ್ಲಗ್ ಹಾಕಿಸಿದೆ, ಕೇಬಲ್ ತುದಿ ಬದಲಾಯಿಸಿದೆ. ಈಗ ಬ್ರೇಕರ್ ಆರಿಸದೆ ಕೈ ಹಾಕುವುದಿಲ್ಲ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಪ್ಲಗ್ ಮುಟ್ಟಿ ನೋಡುತ್ತೇನೆ.

ಬ್ಯಾಟರಿ ವಿಷಯವೂ ಇದೆ. ವರ್ಷವಿಡೀ ಪ್ಲಗ್ಗಿನಲ್ಲೇ ಇಟ್ಟರೆ ಹಳೆ ಕಾಲದ ಕನ್ವರ್ಟರ್ ಬ್ಯಾಟರಿ ನೀರನ್ನು ಕುದಿಸಿ ಒಣಗಿಸುತ್ತದೆ. 2023ರ ಜುಲೈಯಲ್ಲಿ ಮುಚ್ಚಳ ತೆಗೆದರೆ ಪ್ಲೇಟುಗಳು ಮೇಲೆ ಕಾಣುತ್ತಿದ್ದವು. ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ನೋಡಿ ಹಾಕಿ. ಬಿಲ್ಲಿನಲ್ಲಿ ಗಾಡಿ ಸುಮ್ನೆ ನಿಂತಿರುವ ತಿಂಗಳು ಎಂಟು-ಹತ್ತು ಡಾಲರ್ ಜಾಸ್ತಿ ಬರುತ್ತದೆ.

ಅದೇ ವರ್ಷದ ಫೆಬ್ರುವರಿ ಶುರುವಿನಲ್ಲಿ ಆಸ್ಟಿನ್ ಕಡೆ ಮಂಜುಗಡ್ಡೆಯ ಮಳೆ ಬಿತ್ತು. ಈ ಸಲ ಗ್ರಿಡ್ ಸರಿಯಾಗಿಯೇ ಇತ್ತು, ಮರಗಳು ಭಾರ ತಾಳದೆ ಲೈನಿನ ಮೇಲೆ ಮುರಿದು ಬಿದ್ದವು. ರಾತ್ರಿಯಿಡೀ ಟಪ್ ಟಪ್ ಅಂತ ಕೊಂಬೆ ಮುರಿಯುವ ಸದ್ದು. ಕರೆಂಟ್ ಹೋಯಿತು. ಪ್ಲಗ್ಗಿನ ದೆಸೆಯಿಂದ ಬ್ಯಾಟರಿ ಚಾರ್ಜ್ ಆಗಿಯೇ ಇತ್ತು. ಟ್ರೇಲರ್‌ಗೆ ಹೋಗಿ ಸ್ವಿಚ್ ಒತ್ತಿದೆ, ಫ್ಯಾನ್ ಓಡಿತು, ಅರ್ಧ ನಿಮಿಷದಲ್ಲಿ ಬಿಸಿಗಾಳಿ ಬಂತು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಒತ್ತಿ ಪರೀಕ್ಷೆ ಮಾಡಿಯೇ ಮಲಗಿದೆವು. ಅಪ್ಪ ಹಾಸನದಿಂದ ಫೋನ್ ಮಾಡಿದರು. ಹೇಗಿದ್ದೀರಿ ಅಂತ ಕೇಳಲಿಲ್ಲ, "ಬ್ಯಾಟರಿ ಎಷ್ಟು ತೋರಿಸ್ತಿದೆ?" ಅಂದರು. 12.7 ಅಂದೆ. "ಹಾಗಿದ್ರೆ ಮಲ್ಕೋ" ಅಂತ ಇಟ್ಟುಬಿಟ್ಟರು. ಎರಡು ರಾತ್ರಿ ಕಳೆದೆವು, ಹಗಲು ಒಂದೇ ಒಂದು ಸಲ ಪಿಕಪ್ ಸ್ಟಾರ್ಟ್ ಮಾಡಬೇಕಾಯಿತು.

ಇನ್ನು ಆ ಕಳೆದ ಒಂದು ಅಂಕ. 2021ರಲ್ಲಿ ಎಲೆಕ್ಟ್ರಿಷಿಯನ್ ಒಂದು ಮಾತು ಹೇಳಿದ್ದರು. ಹೇಗೂ ಅಗೆದಿದ್ದೀರಿ, ದೊಡ್ಡ ಪೈಪು ಹಾಕಿಬಿಡಿ, 50 ಆಂಪ್‌ಗೆ ಬೇಕಾದ ಇನ್ನೂ ದಪ್ಪದ 6 ಗೇಜ್ ವೈರು ಎಂದಾದರೂ ಎಳೆಯಬಹುದು ಅಂತ. ವ್ಯತ್ಯಾಸ 200 ಡಾಲರ್ ಆಗುತ್ತಿತ್ತು. ಬೇಡ ಅಂದೆ. ಹೋದ ವರ್ಷ ಎಲೆಕ್ಟ್ರಿಕ್ ಕಾರು ಕೊಂಡೆವು. ಅದರ ಚಾರ್ಜರ್ ಕೇಳುವುದು ಅದೇ ನಾಲ್ಕು ಕಡ್ಡಿಯ 50 ಆಂಪ್ ಪ್ಲಗ್ಗನ್ನು. ನೆಲದಲ್ಲಿರುವ ಅರ್ಧ ಇಂಚಿನ ಪೈಪಿನಲ್ಲಿ ಆ ವೈರುಗಳು ತೂರುವುದಿಲ್ಲ. ಮುಂದಿನ ತಿಂಗಳು ಮತ್ತೆ 811ಕ್ಕೆ ಫೋನ್ ಮಾಡಬೇಕು. ನನ್ನ ಗಂಡನಿಗೆ ಇನ್ನೂ ಹೇಳಿಲ್ಲ. ಹೊಸ ಗುದ್ದಲಿ ಹಿಡಿ ಮಾತ್ರ ತಂದಿಟ್ಟಿದ್ದೇನೆ.