ಅಡ್ಮಿಟ್ ಅನ್ನೋ ಒಂದೇ ಪದ ಹಿಡ್ಕೊಂಡು ಆಕ್ಸ್‌ಫರ್ಡ್ ಡಿಕ್ಷನರಿ ರಿವ್ಯೂ

ಡಿಕ್ಷನರಿಗೆ ರಿವ್ಯೂ ಬರೆಯೋರೆಲ್ಲ ಪೇಪರ್ ಚೆನ್ನಾಗಿದೆ, ಡೆಲಿವರಿ ಬೇಗ ಬಂತು ಅಂತ ಬರ್ದು ಐದು ಸ್ಟಾರ್ ಒತ್ತಿ ಹೋಗ್ತಾರೆ, ಒಳಗಡೆ ಏನಿದೆ ಅಂತ ಒಬ್ರೂ ಹೇಳಲ್ಲ. ಅದಕ್ಕೆ ನಾನು ಒಂದೇ ಒಂದು ಪದ ತಗೊಂಡು ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿ ಕೆಲಸಕ್ಕೆ ಬರುತ್ತೋ ಇಲ್ವೋ ನೋಡೋಣ ಅಂತ ಕೂತೆ. ಪದ ಅಡ್ಮಿಟ್. ಇದೇನು ಮಹಾ, ಆಸ್ಪತ್ರೆಗೆ ಅಡ್ಮಿಟ್ ಆದ್ರು, ಕಾಲೇಜಲ್ಲಿ ಅಡ್ಮಿಷನ್ ಸಿಕ್ತು, ಇಂಗ್ಲಿಷ್ ಬರದ ನಮ್ಮಜ್ಜಿಗೂ ಗೊತ್ತಿರೋ ಪದ ಅಂತೀರಾ? ಅಲ್ಲೇ ಇರೋದು ಕಿತಾಪತಿ. ಅಷ್ಟು ಚೆನ್ನಾಗಿ ಗೊತ್ತು ಅನ್ಕೊಂಡಿರೋದ್ರಿಂದ್ಲೇ ಯಾರೂ ತೆಗೆದು ನೋಡಲ್ಲ, ಬರೆಯೋವಾಗ ಎಡವ್ತಾರೆ.

ನಾನು ಪಿಯುಸಿ ಮಕ್ಕಳಿಗೆ ಮನೇಲಿ ಇಂಗ್ಲಿಷ್ ಹೇಳ್ಕೊಡ್ತೀನಿ, ಅವರ ನೋಟ್‌ಬುಕ್ಕಲ್ಲಿ ಖಾಯಂ ಆಗಿ ಸಿಗೋ ವಾಕ್ಯ ಇದು: ಹಿ ಅಡ್ಮಿಟೆಡ್ ಇನ್ ದ ಹಾಸ್ಪಿಟಲ್. ಕನ್ನಡದಲ್ಲಿ ಅವನು ಆಸ್ಪತ್ರೇಲಿ ಅಡ್ಮಿಟ್ ಆದ ಅಂತೀವಲ್ಲ, ಆ 'ಆದ' ಇಂಗ್ಲಿಷಿಗೆ ಹೋಗೋವಾಗ ಕಳೆದೋಗುತ್ತೆ, 'ಆಸ್ಪತ್ರೇಲಿ' ಅನ್ನೋದ್ರ 'ಲಿ' ಮಾತ್ರ 'ಇನ್' ಆಗಿ ಉಳ್ಕೊಳುತ್ತೆ. ಡಿಕ್ಷನರೀಲಿ ಈ ಅರ್ಥದ ಕೆಳಗೆ ನೋಡಿದ್ರೆ ವಾಸ್ ಅಡ್ಮಿಟೆಡ್ ಟು ಹಾಸ್ಪಿಟಲ್ ಅನ್ನೋ ಧಾಟಿಯ ಉದಾಹರಣೆ ಸಿಗುತ್ತೆ. ಅಂದ್ರೆ ಸೇರಿಸ್ಕೊಳ್ಳೋದು ಆಸ್ಪತ್ರೆಯೋರು, ಪೇಷೆಂಟ್ ಅಲ್ಲ, ಹಾಗಾಗಿ 'ವಾಸ್' ಬೇಕೇ ಬೇಕು, ಮುಂದೆ 'ಟು' ಬರ್ಬೇಕು. ಬ್ರಿಟಿಷರು ಬರೀ ಟು ಹಾಸ್ಪಿಟಲ್ ಅಂತಾರೆ, ಅಮೆರಿಕದೋರು ಮಧ್ಯ ಒಂದು 'ದ' ಸೇರಿಸ್ತಾರೆ. ಉದಾಹರಣೆ ಕಣ್ಣಿಗೆ ಬಿದ್ಮೇಲೆ ಮಕ್ಕಳಿಗೆ ನಾನು ವ್ಯಾಕರಣ ಕೊರೆಯೋ ಕೆಲಸ ಕಮ್ಮಿ ಆಯ್ತು.

ಇನ್ನು ಒಪ್ಕೊಳ್ಳೋ ಅರ್ಥ. ಅವನು ಕದ್ದಿದ್ದನ್ನ ಒಪ್ಕೊಂಡ ಅನ್ನೋಕೆ ಹಿ ಅಡ್ಮಿಟೆಡ್ ಸ್ಟೀಲಿಂಗ್ ಅನ್ಬೇಕು, ಅಡ್ಮಿಟೆಡ್ ಟು ಸ್ಟೀಲ್ ಅಂದ್ರೆ ತಪ್ಪು. ಆದ್ರೆ ಅಡ್ಮಿಟೆಡ್ ಟು ಸ್ಟೀಲಿಂಗ್ ಅನ್ಬೋದು! ಇದನ್ನ ಕ್ಲಾಸಲ್ಲಿ ಹೇಳಿದ್ರೆ ಮಕ್ಕಳು ನನ್ನನ್ನೇ ದುರುಗುಟ್ಟಿ ನೋಡ್ತಾರೆ, ಪಾಪ ಅವರದ್ದೇನು ತಪ್ಪು. ಈ ಡಿಕ್ಷನರೀಲಿ ಪದದ ಪಕ್ಕದಲ್ಲೇ ಅದರ ಮುಂದೆ ಏನೇನು ಬರ್ಬೋದು ಅಂತ ದಪ್ಪಕ್ಷರದಲ್ಲಿ ಕೊಟ್ಟಿರ್ತಾರೆ, ಟು ಸಮ್‌ಥಿಂಗ್, ಡೂಯಿಂಗ್ ಸಮ್‌ಥಿಂಗ್, ದಟ್ ಹೀಗೆ. ಯಾರ ಹತ್ರ ಒಪ್ಕೊಂಡ ಅಂತ ಹೇಳೋಕೂ 'ಟು' ಬೇಕು, ಹಿ ಅಡ್ಮಿಟೆಡ್ ಮಿ ದಟ್ ಅಂತ ಬರೆದ್ರೆ ಮಾರ್ಕ್ಸ್ ಹೋಯ್ತು. ನಂಗೆ ಕೇಳಿದ್ರೆ ಈ ಪುಸ್ತಕಕ್ಕೆ ದುಡ್ಡು ಕೊಡೋದೇ ಈ ದಪ್ಪಕ್ಷರಕ್ಕೆ, ಅರ್ಥ ಎಲ್ಲಾದ್ರೂ ಸಿಗುತ್ತೆ ಬಿಡಿ. ಮೊದಲಿಂದ್ಲೂ ಇದರ ಕಟ್ಟುವಿಕೆನೇ ಹಂಗೆ. ಎ.ಎಸ್. ಹಾರ್ನ್‌ಬಿ ಅನ್ನೋ ಮೇಷ್ಟ್ರು ಜಪಾನಲ್ಲಿ ಇಂಗ್ಲಿಷ್ ಕಲಿಸ್ತಾ ಇದ್ದೋರು, ಅಲ್ಲಿ 1942ರಲ್ಲಿ ಬಂದ ಅವರ ಡಿಕ್ಷನರೀನೇ ಆಮೇಲೆ 1948ರಲ್ಲಿ ಆಕ್ಸ್‌ಫರ್ಡ್‌ನಿಂದ ಬಂತು, ಇಂಗ್ಲಿಷ್ ಮನೆಮಾತಲ್ಲದೋರು ಎಲ್ಲಿ ಎಡವ್ತಾರೆ ಅಂತ ಆ ಮನುಷ್ಯನಿಗೆ ಕಂಡಿತ್ತು.

ಸಿನಾನಿಮ್ ಡಬ್ಬಿ ಒಂದಿದೆ ಅದೂ ಇಷ್ಟ ಆಯ್ತು. ಅಡ್ಮಿಟ್, ಅಕ್ನಾಲೆಜ್, ಕನ್ಸೀಡ್, ಕನ್ಫೆಸ್ ಎಲ್ಲಕ್ಕೂ ಕನ್ನಡದಲ್ಲಿ ನಾವು ಒಪ್ಕೊಂಡ ಅಂದು ಮುಗಿಸ್ತೀವಿ. ಇಂಗ್ಲಿಷಲ್ಲಿ ಹಂಗಲ್ಲ, ಅಡ್ಮಿಟ್ ಅಂದ್ರೆ ಮನಸ್ಸಿಲ್ಲದ ಮನಸ್ಸಿಂದ ಹೂಂ ಅಂದಂಗೆ, ಕನ್ಸೀಡ್ ಅಂದ್ರೆ ವಾದದಲ್ಲಿ ಎದುರಿನೋರ ಮಾತಿಗೆ ಸೋತು ಒಪ್ಕೊಂಡಂಗೆ, ಕನ್ಫೆಸ್ ಅಂದ್ರೆ ನಾಚಿಕೆಗೇಡಿನ ಕೆಲಸನೋ ಅಪರಾಧನೋ ಬಾಯಿಬಿಟ್ಟಂಗೆ. ಲಾ ಓದೋರಿಗೆ ಮಾತ್ರ ಇಷ್ಟು ಸಾಲಲ್ಲ. ಕೋರ್ಟಲ್ಲಿ ಅಡ್ಮಿಷನ್ ಅಂದ್ರೆ ಏನು ಅಂತ 1872ರ ಎವಿಡೆನ್ಸ್ ಆಕ್ಟಿನ 17ನೇ ಸೆಕ್ಷನ್ನಲ್ಲಿತ್ತು, ಈಗ 2024ರ ಜುಲೈ 1ರಿಂದ ಜಾರಿಗೆ ಬಂದಿರೋ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 15ನೇ ಸೆಕ್ಷನ್. ಎಲ್ಲಾ ಕನ್ಫೆಷನ್ನೂ ಅಡ್ಮಿಷನ್ನೇ, ಆದ್ರೆ ಎಲ್ಲಾ ಅಡ್ಮಿಷನ್ನೂ ಕನ್ಫೆಷನ್ ಅಲ್ಲ, ಈ ಮಟ್ಟದ ವ್ಯತ್ಯಾಸಕ್ಕೆ ಲಾ ಡಿಕ್ಷನರಿನೇ ತಗೋಬೇಕು. ಅದೇ ರೀತಿ ಪಿಟಿಷನ್ ಅಡ್ಮಿಟ್ ಆಯ್ತು ಅಂದ್ರೆ ಕೇಸ್ ಗೆದ್ದಂಗೆ ಅಂತ ಸ್ವೀಟ್ ಹಂಚೋರನ್ನ ನೋಡಿದೀನಿ, ಕೋರ್ಟು ಬರೀ ವಿಚಾರಣೆಗೆ ತಗೊಂಡಿದೆ ಅಷ್ಟೇ ಸ್ವಾಮಿ.

ಅಡ್ಮಿಷನ್ನು ಅಡ್ಮಿಟೆನ್ಸು ಬೇರೆ ಬೇರೆ ಅನ್ನೋದೂ ಇದ್ರಲ್ಲಿ ಗೊತ್ತಾಗುತ್ತೆ. ಗೇಟಲ್ಲಿ ನೋ ಅಡ್ಮಿಟೆನ್ಸ್ ಅಂತಿದ್ರೆ ಒಳಗೆ ಕಾಲಿಡಬೇಡಿ ಅಂತ. ಮ್ಯೂಸಿಯಂ ಬೋರ್ಡಲ್ಲಿ ಅಡ್ಮಿಷನ್ ಫ್ರೀ ಅಂತಿದ್ರೆ ಟಿಕೆಟ್ ದುಡ್ಡಿಲ್ಲ ಅಂತ. ಎಲೆಕ್ಟ್ರಿಕಲ್ ಓದೋ ಹುಡುಗರಿಗೆ ಅಡ್ಮಿಟೆನ್ಸ್ ಅಂದ್ರೆ ಇಂಪಿಡೆನ್ಸಿನ ಉಲ್ಟಾ, ಅಳತೆ ಸೀಮೆನ್ಸಲ್ಲಿ, ಅದಕ್ಕೆ ನಿಮ್ಮ ಟೆಕ್ಸ್ಟ್ ಬುಕ್ಕೇ ಸರಿ, ಇಲ್ಲಿ ಹುಡುಕಬೇಡಿ.

ಬೇಜಾರಿನ ವಿಷಯಕ್ಕೆ ಬರ್ತೀನಿ. ಕನ್ನಡ ಅರ್ಥ ಇದ್ರಲ್ಲಿ ಇಲ್ವೇ ಇಲ್ಲ, ಎಲ್ಲಾ ಇಂಗ್ಲಿಷಲ್ಲೇ ವಿವರಣೆ, ಹೈಸ್ಕೂಲ್ ಕನ್ನಡ ಮೀಡಿಯಂ ಮಕ್ಕಳ ಕೈಗೆ ಕೊಟ್ರೆ ಎರಡೇ ದಿನಕ್ಕೆ ಕಪಾಟು ಸೇರುತ್ತೆ. ಪುಸ್ತಕ ಇಟ್ಟಿಗೆ ಥರ ಭಾರ, ಬ್ಯಾಗಲ್ಲಿ ಹೊರೋ ಆಸೆ ಬಿಟ್ಬಿಡಿ. ಹಾಗಂತ ಫೋನಲ್ಲಿ ಸಿಗೋ ಫ್ರೀ ಇಂಗ್ಲಿಷ್-ಕನ್ನಡ ಆ್ಯಪ್ ಸಾಕು ಅನ್ಕೋಬೇಡಿ, ಹೆಸರು ಬೇಡ, ಒಂದ್ರಲ್ಲಿ ಟಿಕೆಟ್ ಮೇಲಿರೋ ಅಡ್ಮಿಟ್ ಒನ್ ಅಂತ ಹಾಕಿದ್ರೆ 'ಒಂದನ್ನು ಒಪ್ಪಿಕೊಳ್ಳಿ' ಅಂತ ಬಂತು, ಮಧ್ಯ ಎರಡು ಜಾಹೀರಾತು ಬೇರೆ. ಒಬ್ಬರಿಗೆ ಮಾತ್ರ ಪ್ರವೇಶ ಅನ್ನೋದು ಎಲ್ಲಿ, ಇದೆಲ್ಲಿ! ಕನ್ನಡ ಬೇಕೇ ಬೇಕು ಅನ್ನೋರು ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್-ಕನ್ನಡ ನಿಘಂಟನ್ನ ಪಕ್ಕದಲ್ಲಿ ಇಟ್ಕೊಳಿ, ಎರಡನ್ನೂ ಸೇರಿಸಿ ನೋಡಿದ್ರೆ ಅನುವಾದ ಮಾಡೋರಿಗೂ ಅನುಕೂಲ.

ದುಡ್ಡು ಹಾಕೋ ಮುಂಚೆ ಇದರ ವೆಬ್‌ಸೈಟ್ ಒಂದ್ಸಲ ನೋಡಿ, ಫ್ರೀ, ಪುಸ್ತಕದಲ್ಲಿ ಕೇಳಿಸ್ಕೊಳ್ಳೋಕಾಗದ ಉಚ್ಚಾರಣೇನೂ ಅಲ್ಲಿದೆ, ಬ್ರಿಟಿಷ್ ಅಮೆರಿಕನ್ ಎರಡೂ. ಅಡ್ಮಿಟ್ ಒತ್ತಿ ಕೇಳಿ, ಒತ್ತು 'ಮಿಟ್' ಮೇಲೆ ಬೀಳುತ್ತೆ, ನಾವು 'ಅಡ್' ಮೇಲೂ ಅಷ್ಟೇ ಭಾರ ಹಾಕ್ತೀವಿ. ಪದದ ಮೂಲಾನೂ ಅಲ್ಲೇ ಕೊಟ್ಟಿದಾರೆ, ಲ್ಯಾಟಿನ್ನಿನ ಅಡ್ಮಿಟೆರೆ, ಕಡೆಗೆ ಕಳಿಸು ಅಂತ, ಪರ್ಮಿಟ್ಟು ಸಬ್‌ಮಿಟ್ಟು ಎಲ್ಲಾ ಅದೇ ಬಳಗ. ನೆಟ್ ಸರಿಯಾಗಿಲ್ಲದ ಕಡೆ ಇರೋರು, ಮಕ್ಕಳ ಕೈಗೆ ಫೋನ್ ಕೊಡಬಾರದು ಅನ್ನೋರು ಪುಸ್ತಕ ತಗೊಳಿ, ಐದಕ್ಕೆ ನಾಲ್ಕು ಕೊಡ್ತೀನಿ. 2020ರ ಹತ್ತನೇ ಎಡಿಷನ್ನೇ ಬೇಕು ಅಂತೇನಿಲ್ಲ, ಬೆಂಗಳೂರಿನೋರಾದ್ರೆ ಅವೆನ್ಯೂ ರೋಡಲ್ಲಿ ಹಳೇದು ಕೇಳಿ ನೋಡಿ, ಚೌಕಾಸಿ ಮಾಡೋ ಮುಂಚೆ ಮಧ್ಯದ ಹಾಳೆ ಕಿತ್ತೋಗಿದೆಯಾ ಅಂತ ಮಾತ್ರ ತಿರುವಿ ನೋಡ್ಕೊಳಿ.